ಹಿಂದೆ ಕೇಳುವ ಸದ್ದು

ಮೂರನೇ ಮಹಡಿ, ಅಡುಗೆಮನೆಯ ಮೇಜಿನಿಂದ
ತಾರೀಖು ಹನ್ನೊಂದು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮೊಂಡ ತಮ್ಮನ ನಮಸ್ಕಾರ. ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ರಾತ್ರಿ ನಿದ್ದೆ ಬರುತ್ತಿದೆಯೇ? ಕಣ್ಣಿಗೆ ಹೊಸ ಕನ್ನಡಕ ಹಾಕಿಸಿಕೊಂಡೆಯೋ, ಇಲ್ಲಾ ಇನ್ನೂ ಆ ಕಾಲು ಮುರಿದ ಕನ್ನಡಕಕ್ಕೇ ದಾರ ಕಟ್ಟಿಕೊಂಡು ಓಡಾಡುತ್ತಿದ್ದೀಯೋ? ನೀನು ಏನು ಹೇಳುತ್ತೀ ಎನ್ನುವುದು ನನಗೆ ಗೊತ್ತು. “ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ, ಮೊದಲು ನಿನ್ನ ವಿಷಯ ಹೇಳು” ಅನ್ನುತ್ತೀ. ಅಷ್ಟು ಹೇಳಿ ನನ್ನ ಮಾತ್ರೆ, ನನ್ನ ಊಟ, ನನ್ನ ಎಡಗೈ, ನನ್ನ ಒಗೆಯದ ಬಟ್ಟೆ ಎಲ್ಲದರ ವಿಚಾರಣೆ ಶುರು ಮಾಡುತ್ತೀ. ಫೋನಿನಲ್ಲಿ ನಿನ್ನ ಎದುರು ನಾನು ಬಾಯಿ ಬಿಟ್ಟದ್ದು ಯಾವಾಗ ಹೇಳು? ಅದಕ್ಕೇ ಕಾಗದ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವುದಕ್ಕಾಗುವುದಿಲ್ಲ. ಎಡಗೈ ಹಾಳೆಯನ್ನು ಒತ್ತಿ ಹಿಡಿಯುವುದಿಲ್ಲವಾದ್ದರಿಂದ ಮೇಲೆ ಚಹಾಪುಡಿಯ ಡಬ್ಬಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಲ್ಲಲ್ಲಿ ಸಾಲು ಸೊಟ್ಟಗಾದರೆ ಬೈಯಬೇಡ.

ಮೊದಲು ನಿನ್ನೆಯ ವಿಷಯ. ಮಧ್ಯಾಹ್ನ ನೀನು ಫೋನ್ ಮಾಡಿದಾಗ ಯಾರೋ ಹೆಂಗಸು ಎತ್ತಿಕೊಂಡು “ಹಲೋ, ಯಾರು ಬೇಕಾಗಿತ್ತು? ದಯವಿಟ್ಟು ಲೈನಲ್ಲೇ ಇರಿ” ಅಂದಳಲ್ಲ, ಆಗಿನಿಂದ ನಿನ್ನ ತಲೆಯಲ್ಲಿ ಏನೇನು ಓಡುತ್ತಿದೆಯೋ ದೇವರೇ ಬಲ್ಲ. ನೀನು ಬಿಟ್ಟೆಯಾ ಅವರನ್ನು? ನೀವು ಯಾರು, ಅಲ್ಲಿ ಯಾಕಿದ್ದೀರಿ, ಅವನು ಊಟ ಮಾಡಿದ್ದಾನಾ, ನಿಮ್ಮ ಮನೆ ಎಲ್ಲಿ ಅಂತ ಪೊಲೀಸರ ಹಾಗೆ ಕೇಳಿದೆಯಂತೆ. ನಾನು ಕೈ ಒರೆಸಿಕೊಂಡು ಬಂದು ಫೋನ್ ತೆಗೆದುಕೊಳ್ಳುವಷ್ಟರಲ್ಲಿ ನೀನು “ನಾಳೆ ಮಾಡ್ತೀನಿ” ಅಂತ ಇಟ್ಟುಬಿಟ್ಟೆ. ಅಕ್ಕಾ, ಅವರು ನಿನಗಿಂತ ದೊಡ್ಡವರು. ಕೋಲು ಹಿಡಿದು ನಡೆಯುತ್ತಾರೆ. ಹಳೇ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಅದಕ್ಕೇ ಆ ಧ್ವನಿ. ನನ್ನ ಬಲಗೈಯಲ್ಲಿ ಬಿಸಿ ಚಹಾದ ಪಾತ್ರೆಯಿತ್ತು, ಎಡಗೈ ಇದ್ದೂ ಇಲ್ಲದ ಹಾಗೆ, ಅದಕ್ಕೆ ಅವರು ಎತ್ತಿಕೊಂಡರು. ವಿಷಯ ಇಷ್ಟೇ. ಆದರೆ ಇಷ್ಟೇ ಅಲ್ಲ. ಅವರು ಯಾರು ಎಂದು ನೀನು ನನ್ನನ್ನು ನಿಲ್ಲಿಸಿ ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ನಾನು ಅವರನ್ನು ನೋಡಿಕೊಳ್ಳುತ್ತಿದ್ದೇನೋ, ಅವರು ನನ್ನನ್ನು ನೋಡಿಕೊಳ್ಳುತ್ತಿದ್ದಾರೋ, ಅದೇ ನನ್ನ ಈಗಿನ ಗೊಂದಲ. ಮೊದಲಿಂದ ಹೇಳುತ್ತೇನೆ, ಕೇಳು.

ತಿಂಗಳ ಕೊನೆಗೆ ಬಂದು ನನ್ನನ್ನೂ ನನ್ನ ಸಾಮಾನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ನೀನು ಹೇಳುತ್ತಾ ಬಂದಿದ್ದೀಯಲ್ಲ. “ಅಲ್ಲಿ ಗೋಡೆ ನೋಡ್ಕೊಂಡು ಎಷ್ಟು ದಿನ ಇರ್ತೀಯ, ಇಲ್ಲಿ ಮನೆ ತುಂಬ ಜನ, ನಿನಗೆ ಹೊತ್ತು ಹೋಗೋದೇ ಗೊತ್ತಾಗಲ್ಲ” ಅನ್ನುತ್ತೀ. ಹೂಂ ಎನ್ನಬೇಕೆಂದೇ ನಾನೂ ಅಂದುಕೊಂಡಿದ್ದೆ. ನನ್ನವಳು ತೀರಿಹೋದ ಮೇಲೂ ಓಡಿಸಲು ಬಸ್ಸು ಇತ್ತು. ಲಕ್ವ ಹೊಡೆದು ಸ್ಟೇರಿಂಗ್ ಬಿಟ್ಟ ಮೇಲೆ ಏನೂ ಉಳಿಯಲಿಲ್ಲ. ಡಿಪೋದವರು ಮೊದಮೊದಲು ಬಂದರು, ಆಮೇಲೆ ಅವರಿಗೂ ಅವರ ಪಾಳಿ. ದಿನವೆಲ್ಲ ಬಾಲ್ಕನಿಯಲ್ಲಿ ಕುಳಿತು ಕೆಳಗೆ ಹೋಗುವ ಬಸ್ಸುಗಳ ಗೇರಿನ ಸದ್ದು ಕೇಳುತ್ತಿದ್ದೆ. ಮೂಲೆಯ ತಿರುವಿನಲ್ಲಿ ಯಾರಾದರೂ ತಪ್ಪು ಗೇರು ಹಾಕಿದರೆ ಬೈಯುತ್ತಿದ್ದೆ. ಆ ಬೈಗುಳ ಬಿಟ್ಟರೆ ದಿನಕ್ಕೆ ನನ್ನ ಬಾಯಿಂದ ಇನ್ನೊಂದು ಮಾತು ಬರುತ್ತಿರಲಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ, ಹೇಳಿದ್ದರೆ ನೀನು ಅವತ್ತೇ ಗಂಟುಮೂಟೆ ಕಟ್ಟಿಸುತ್ತಿದ್ದೆ.

ಆಗ ಬಂದವರು ಕೊಡೆ ಮೇಡಂ. ಆರೋಗ್ಯ ಕೇಂದ್ರದವರು, ಬಿಸಿಲಿರಲಿ ನೆರಳಿರಲಿ ಕಂಕುಳಲ್ಲಿ ಕೊಡೆ ಇರಲೇಬೇಕು, ಅದಕ್ಕೆ ಇಡೀ ಬ್ಲಾಕಿನವರು ಇಟ್ಟ ಹೆಸರು ಅದು. ನಮ್ಮ ಕಟ್ಟಡದ ಕೆಳಗೆ ಹಳೇ ಸೈಕಲ್ ಸ್ಟ್ಯಾಂಡ್ ಇತ್ತಲ್ಲ, ಅದನ್ನು ತೊಳೆಸಿ ಬೆಂಚು ಹಾಕಿಸಿದ್ದೇವೆ, ಒಬ್ಬೊಬ್ಬರೇ ಇರುವವರೆಲ್ಲ ಬಂದು ಕೂರುತ್ತಾರೆ, ನೀವೂ ಬನ್ನಿ ಎಂದರು. ನನಗೆ ಮೈ ಉರಿದುಹೋಯಿತು. ನಾನೇನು ದಿಕ್ಕುದೆಸೆ ಇಲ್ಲದವನೇ, ನನಗೆ ಅಕ್ಕ ಇದ್ದಾಳೆ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೋದರು, ಮುಂದಿನ ವಾರ ಮತ್ತೆ ಬಂದರು. ಈ ಸಲ ವರಸೆ ಬೇರೆ. “ಸರ್, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಪಕ್ಕದ ಕಟ್ಟಡದಲ್ಲಿ ಒಬ್ಬರು ವಯಸ್ಸಾದವರಿದ್ದಾರೆ, ಟೆಲಿಫೋನ್ ಆಪರೇಟರ್ ಆಗಿದ್ದೋರು. ಯಾರ ಜೊತೆಗೂ ಮಾತಿಲ್ಲ. ಬುಧವಾರ ಬುಧವಾರ ಒಂದು ಗಂಟೆ ಹೋಗಿ ಕೂತು ಬರ್ತೀರಾ? ಇಷ್ಟು ವರ್ಷ ಜನರ ಮಧ್ಯೆ ಇದ್ದೋರು ನೀವು, ನಿಮಗಾದ್ರೆ ಆಗುತ್ತೆ” ಎಂದರು. ನೀನು ನಗಬೇಡ. ನಾನು ಉಬ್ಬಿಹೋದೆ. ಯಾರಾದರೂ ನನ್ನನ್ನು ಸರ್ ಎಂದು ಕರೆದು ಎಷ್ಟು ಕಾಲವಾಗಿತ್ತೋ!

ಬುಧವಾರ ಬಂತು. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಒಂದೇ ಕೈಯಲ್ಲಿ ಗುಂಡಿ ಹಾಕಿಕೊಳ್ಳುವುದರಲ್ಲಿ ಅರ್ಧ ಬೆಳಗು ಕಳೆದು, ಹೋದೆ. ಪಾಪದ ಮುದುಕಿ, ಕತ್ತಲೆ ಕೋಣೆ, ಮೂಲೆಯಲ್ಲಿ ಮುದುಡಿಕೊಂಡು ಕೂತಿರುತ್ತಾಳೆ ಎಂದು ನನ್ನ ಲೆಕ್ಕಾಚಾರ. ಬಾಗಿಲು ತೆರೆದರೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಚಹಾ ಮಾಡಿಟ್ಟು ಕಾಯುತ್ತಿದ್ದಾರೆ. ನನ್ನ ಕಡೆ ನೋಡಿದ ನೋಟ ಇದೆಯಲ್ಲ ಅಕ್ಕಾ, ನಾವು ಗಾಯವಾದ ಬೆಕ್ಕಿನ ಮರಿಯನ್ನು ನೋಡುತ್ತೇವಲ್ಲ, ಹಾಗೆ. “ಬನ್ನಿ, ಬನ್ನಿ, ಸಂಕೋಚ ಬೇಡ, ನಿಧಾನಕ್ಕೆ ಕೂತ್ಕೊಳ್ಳಿ, ಏನು ಬೇಕಾದ್ರೂ ಹೇಳ್ಕೊಳ್ಳಿ” ಎಂದರು. ನಾನು ಅವರಿಂದ ಮಾತು ಹೊರಡಿಸಲು ಹೋದವನು, ಅವರು ನನ್ನಿಂದ ಹೊರಡಿಸಲು ನೋಡುತ್ತಿದ್ದಾರೆ. ನಾನು “ನಿಮ್ಮ ಕಾಲುನೋವು ಹೇಗಿದೆ” ಎಂದರೆ ಅವರು “ಅದಿರಲಿ, ನಿಮ್ಮ ಕೈ ಹೇಗಿದೆ” ಅನ್ನುತ್ತಾರೆ. ಇಬ್ಬರೂ ಹೇಳಿಕೊಳ್ಳಿ ಹೇಳಿಕೊಳ್ಳಿ ಎನ್ನುತ್ತಾ ಕೂತೆವೇ ಹೊರತು ಇಬ್ಬರೂ ಏನೂ ಹೇಳಿಕೊಳ್ಳಲಿಲ್ಲ. ಚಹಾ ಆರಿಹೋಯಿತು. ಈ ಹೆಂಗಸಿಗೆ ಒಂಟಿತನಕ್ಕೆ ತಲೆ ಸ್ವಲ್ಪ ಕೆಟ್ಟಿರಬೇಕು ಎಂದುಕೊಂಡು ಬಂದೆ.

ಎರಡನೆಯ ಸಲವೂ ಅದೇ ಪಾಡು. ಎದುರುಬದುರು ಕೂತು ಮುಖ ನೋಡಿಕೊಂಡು ಮಾತಾಡುವುದು ನನಗೆ ಬರುವುದಿಲ್ಲ ಎಂದು ಆಗ ಗೊತ್ತಾಯಿತು. ಬೇಸರಕ್ಕೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತೆ. ಕೆಳಗೆ ರಸ್ತೆ, ಬಸ್ಸು. ಅವರು ನನ್ನ ಬೆನ್ನ ಹಿಂದೆ. ನಂಬುತ್ತೀಯೋ ಇಲ್ಲವೋ, ಹಾಗೆ ಕೂತ ಕೂಡಲೇ ಬಾಯಿ ತನ್ನಿಂತಾನೇ ಬಿಚ್ಚಿಕೊಂಡಿತು. ನನ್ನ ಕೆಲಸವೆಲ್ಲ ಹಾಗೇ ಅಲ್ಲವೇ ನಡೆದದ್ದು, ಜನ ಹಿಂದೆ, ನಾನು ಮುಂದೆ. ನನ್ನ ತಲೆಯ ಮೇಲೇ ಚಾಲಕರೊಂದಿಗೆ ಮಾತನಾಡಬೇಡಿ ಎಂಬ ಬೋರ್ಡು. ಬಸ್ಸು ತುಂಬ ಜನರನ್ನು ಹೊತ್ತು ತಿರುಗಿದೆ ನಿಜ, ಮಾತಾಡಿದ್ದು ಯಾರ ಜೊತೆ? ಇದನ್ನು ಹೇಳಿದಾಗ ಹಿಂದಿನಿಂದ ಅವರು ನಕ್ಕರು. ಅವರ ಕಥೆಯೂ ಅಷ್ಟೇ. ಮುಖ ಕಾಣದಿದ್ದರೇ ಅವರಿಗೂ ಮಾತು ಸಲೀಸು. ಯಾವುದೋ ಊರಿನ ಅಮ್ಮನಿಗೆ ಯಾವುದೋ ಊರಿನ ಮಗನ ಲೈನು ಜೋಡಿಸಿ, ಮಾತು ಶುರುವಾದ ಕೂಡಲೇ ತಾವು ಕಿವಿ ತೆಗೆದುಬಿಡಬೇಕಿತ್ತಂತೆ. “ಹಲೋ ಅನ್ನೋದಷ್ಟೇ ನನ್ನ ಪಾಲು, ಮಿಕ್ಕಿದ್ದೆಲ್ಲ ಅವರವರದ್ದು” ಎಂದರು. ಆಮೇಲೆ ಅದೇ ರೂಢಿಯಾಯಿತು. ನಾನು ಕಿಟಕಿಗೆ ಮುಖ ಮಾಡಿ, ಅವರು ನನ್ನ ಬೆನ್ನಿಗೆ ಮುಖ ಮಾಡಿ. ಯಾರಾದರೂ ಬಾಗಿಲಲ್ಲಿ ನಿಂತು ನೋಡಿದ್ದರೆ ಇಬ್ಬರು ಹುಚ್ಚರು ಎನ್ನುತ್ತಿದ್ದರು.

ಒಂದು ದಿನ ನಾನು ಓಡಿ ಬರುವವರ ವಿಷಯ ಹೇಳಿದೆ. ನಿನಗೂ ಗೊತ್ತಲ್ಲ, ಕಂಡಕ್ಟರ್ ಸೀಟಿ ಊದಿದ ಮೇಲೂ ನಾನು ಒಂದು ಸಲ ಕನ್ನಡಿ ನೋಡದೆ ಬಸ್ಸು ಎತ್ತಿದವನಲ್ಲ. ಯಾರೋ ಒಬ್ಬರು ಚೀಲ ಎತ್ತಿಕೊಂಡು ಓಡಿ ಬರುತ್ತಲೇ ಇರುತ್ತಾರೆ. ಡಿಪೋದಲ್ಲಿ ತಡವಾಯಿತೆಂದು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅದಕ್ಕೆ ಅವರು “ನನ್ನ ಕೆಲಸದಲ್ಲಿ ಕನ್ನಡಿ ಇರ್ಲಿಲ್ಲ, ನಾನು ಹಿಂದಿನ ಸದ್ದು ಕೇಳ್ತಿದ್ದೆ” ಎಂದರು. ಲೈನು ಜೋಡಿಸುವ ಮುಂಚೆ, ನಂಬರು ಹೇಳುವವರ ಹಿಂದೆ ಏನು ಕೇಳುತ್ತಿದೆ, ಮಗು ಅಳುತ್ತಿದೆಯೋ, ಪಾತ್ರೆ ಬಿತ್ತೋ, ಗಾಳಿ ಬೀಸುತ್ತಿದೆಯೋ ಅಂತ. ನನಗೆ ಆಗ ಅದರ ಅರ್ಥ ಆಗಲಿಲ್ಲ. ಹೂಂ ಎಂದೆ.

ಇಷ್ಟಾಗುವಷ್ಟರಲ್ಲಿ ನನ್ನ ತಲೆಯಲ್ಲಿ ಏನಿತ್ತು ಗೊತ್ತೇ? ನನ್ನ ಆರೈಕೆಯಿಂದ ಮುದುಕಿ ಚೇತರಿಸಿಕೊಂಡಿದ್ದಾರೆ, ಇನ್ನು ನಾನು ಅಕ್ಕನ ಮನೆಗೆ ಹೊರಟರೂ ತೊಂದರೆಯಿಲ್ಲ ಎಂದು! ಕೊಡೆ ಮೇಡಂ ಕಳೆದ ಶನಿವಾರ ಸೇವೆ ಮಾಡುವವರೆಲ್ಲ ಸೈಕಲ್ ಸ್ಟ್ಯಾಂಡಿಗೆ ಚಹಾಕ್ಕೆ ಬನ್ನಿ ಎಂದು ಹೇಳಿ ಕಳಿಸಿದ್ದರು. ಈ ಮಾತು ಅಲ್ಲೇ ಹೇಳಿಬಿಡೋಣವೆಂದು ಇಳಿದು ಹೋದೆ. ನೋಡಿದರೆ ಬೆಂಚಿನ ತುಂಬ ಜನ. ಅಂಗಡಿ ಮುಚ್ಚಿದ ಮೇಲೆ ಮನೆಯಿಂದ ಆಚೆ ಬಾರದ ಗಡಿಯಾರ ರಿಪೇರಿಯವರು, ಕಿವಿ ಮಂದವಾದ ದರ್ಜಿಯಮ್ಮ, ಕೈಗೂಸು ಎತ್ತಿಕೊಂಡ ಒಂಟಿ ಹುಡುಗಿ. ಇಷ್ಟು ಜನ ಸೇವೆ ಮಾಡುವವರೇ ಎಂದು ಆಶ್ಚರ್ಯ. ಗಡಿಯಾರದವರನ್ನು ನೀವು ಯಾರನ್ನು ನೋಡಿಕೊಳ್ಳುತ್ತೀರಿ ಎಂದು ಕೇಳಿದೆ. ಅವರು ಮೆಲ್ಲಗೆ ದರ್ಜಿಯಮ್ಮನ ಕಡೆ ಕಣ್ಣು ತೋರಿಸಿದರು. ಅತ್ತ ದರ್ಜಿಯಮ್ಮ, ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದುಕೊಂಡು, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ “ಪಾಪ, ಈ ಗಡಿಯಾರದವರಿಗೆ ನಾನೇ ದಿಕ್ಕು” ಎನ್ನುತ್ತಿದ್ದಾರೆ. ನನಗೆ ಏನೋ ಎಡವಟ್ಟು ಅನ್ನಿಸುವಷ್ಟರಲ್ಲಿ ನನ್ನ ಆಪರೇಟರಮ್ಮ ಕೋಲೂರಿಕೊಂಡು ಬಂದರು. ಕೊಡೆ ಮೇಡಂ ಹತ್ತಿರ ಹೋಗಿ, ನನ್ನತ್ತ ಕೈ ಮಾಡಿ, ಹೆಮ್ಮೆಯಿಂದ “ಇವರೇ ನೋಡಿ ನನ್ನ ಡ್ರೈವರು. ಮೊದಲು ಬಾಯೇ ಬಿಡ್ತಿರ್ಲಿಲ್ಲ. ಈಗ ಎಷ್ಟೋ ಪರವಾಗಿಲ್ಲ” ಎಂದರು.

ಅಕ್ಕಾ, ಅದು ನಾನು ಹೇಳಬೇಕಾಗಿದ್ದ ಮಾತು! ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು, ಇಬ್ಬರೂ ಸೇರಿ ಕೊಡೆ ಮೇಡಂ ಮುಖ ನೋಡಿದೆವು. ಅವರು ಕೊಡೆಯ ಹಿಡಿಯನ್ನು ತಿರುಗಿಸುತ್ತಾ ನಿಂತಿದ್ದರು. ಅಲ್ಲಿದ್ದವರಿಗೆಲ್ಲ “ನಿಮ್ಮಿಂದ ಒಂದು ಉಪಕಾರ ಆಗ್ಬೇಕು” ಎಂಬ ಅದೇ ಮಾತು ಹೇಳಿ, ಅವರಿಗೆ ಇವರನ್ನೂ ಇವರಿಗೆ ಅವರನ್ನೂ ಒಪ್ಪಿಸಿದ್ದರು. “ಏನು ಮಾಡ್ಲಿ ಸರ್, ನಿಮಗೆ ಜೊತೆ ಬೇಕು ಅಂದ್ರೆ ಯಾರೂ ಬಾಗಿಲು ತೆಗೆಯಲ್ಲ, ಇನ್ನೊಬ್ಬರಿಗೆ ನಿಮ್ಮ ಜೊತೆ ಬೇಕು ಅಂದ್ರೆ ಎಲ್ಲರೂ ಬರ್ತಾರೆ” ಎಂದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನನ್ನು ಮಗುವಿನ ಹಾಗೆ ಆಟ ಆಡಿಸಿದ್ದಾರೆ ಎಂದು ಅವಮಾನವಾಯಿತು. ಚಹಾ ಮುಟ್ಟದೆ ಮೆಟ್ಟಿಲು ಹತ್ತಿ ಬಂದು ಬಾಗಿಲು ಹಾಕಿಕೊಂಡೆ. ಈ ಊರೇ ಬೇಡ, ಅಕ್ಕ ಬರಲಿ, ಹೊರಟುಬಿಡುತ್ತೇನೆ ಎಂದು ನಿರ್ಧಾರ ಮಾಡಿ ಮಂಚದ ಕೆಳಗಿನ ಟ್ರಂಕನ್ನೂ ಎಳೆದಿಟ್ಟೆ. ಆದರೆ ಟ್ರಂಕಿಗೆ ಏನು ಹಾಕಬೇಕೆಂದೇ ತೋಚಲಿಲ್ಲ. ಅದು ಈಗಲೂ ಬಾಯಿ ತೆರೆದುಕೊಂಡು ಅಲ್ಲೇ ಬಿದ್ದಿದೆ, ಓಡಾಡುವಾಗಲೆಲ್ಲ ಕಾಲಿಗೆ ತಗಲುತ್ತದೆ.

ನಿನ್ನೆ ಬುಧವಾರ. ಹೋಗಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆದರೂ ಬೆಳಿಗ್ಗೆ ಎದ್ದು ಇಸ್ತ್ರಿ ಷರ್ಟು ಹಾಕಿಕೊಂಡಿದ್ದೆ, ಯಾಕೆಂದು ಕೇಳಬೇಡ. ಹೊತ್ತಾಗುತ್ತಾ ಬಂದ ಹಾಗೆ ಬಾಲ್ಕನಿಗೂ ಬಾಗಿಲಿಗೂ ತಿರುಗಾಡಿದೆ. ಅವರು ಚಹಾ ಇಟ್ಟಿರುತ್ತಾರೋ, ಅವರಿಗೂ ಸಿಟ್ಟು ಬಂದಿರುತ್ತದೋ, ನಾನು ಹೋಗದಿದ್ದರೆ ಅವರಿಗೆ ನೋವೋ, ಹೋದರೆ ನನಗೆ ಸೋಲೋ, ಒಂದೂ ಬಗೆಹರಿಯಲಿಲ್ಲ. ಆಗ ಬಾಗಿಲು ಬಡಿದ ಸದ್ದು. ತೆರೆದರೆ ಅವರೇ. ನಮ್ಮ ಲಿಫ್ಟು ಕೆಟ್ಟು ಬಿದ್ದಿದೆ, ಕೋಲೂರಿಕೊಂಡು ಮೂರು ಮಹಡಿ ಹತ್ತಿ ಬಂದಿದ್ದಾರೆ, ಏದುಸಿರು ಬಿಡುತ್ತಿದ್ದಾರೆ. “ಮಾತಾಡ್ಸೋಕೆ ಬಂದಿಲ್ಲ, ಜಗಳ ಆಡೋಕೆ ಬಂದಿದ್ದೀನಿ” ಎಂದರು. ಕೂರಿಸಿ ನೀರು ಕೊಟ್ಟೆ. ಆಡಿದೆವು ಜಗಳ. ನಾನು ನಿಮಗಾಗಿ ಬಂದೆ ಎಂದು ನಾನು, ನಿಮಗಾಗಿ ನಾನು ಚಹಾ ಮಾಡಿಟ್ಟೆ ಎಂದು ಅವರು. ನಡುವೆ ಅವರಿಗೆ ಸುಸ್ತಾಯಿತು, ಇರಿ ಚಹಾ ಮಾಡುತ್ತೇನೆ ಎಂದು ನಾನು ಒಳಗೆ ಹೋದೆ. ನೀನು ಫೋನ್ ಮಾಡಿದ್ದು ಆಗ.

ನೀನು ಫೋನ್ ಇಟ್ಟ ಮೇಲೆ ಅವರು ಜಗಳ ಮುಂದುವರಿಸಲಿಲ್ಲ. ಚಹಾ ಲೋಟ ಕೈಗೆತ್ತಿಕೊಂಡರು. ಆಮೇಲೆ “ನಿಮ್ಮಕ್ಕ ಒಬ್ಬರೇ ಇರ್ತಾರಾ?” ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ಒಬ್ಬರೇ ಎಲ್ಲಿ ಬಂತು, ಮಗ, ಸೊಸೆ, ಮೊಮ್ಮಕ್ಕಳು, ಮನೆ ತುಂಬ ಜನ, ಸಂತೆ ಇದ್ದ ಹಾಗೆ ಎಂದೆ. ಅವರು “ಹೌದಾ” ಎಂದರು. ಲೋಟ ಕೆಳಗಿಟ್ಟು, “ಅಷ್ಟು ಹೊತ್ತು ಮಾತಾಡಿದ್ರು, ಹಿಂದೆ ಏನೂ ಸದ್ದಿರಲಿಲ್ಲ. ಖಾಲಿ ಕೋಣೆಯಲ್ಲಿ ನಿಂತು ಮಾತಾಡಿದ ಹಾಗಿತ್ತು ಧ್ವನಿ. ನನಗೆ ತಪ್ಪು ಕೇಳಿಸಿರಬಹುದು, ವಯಸ್ಸಾಯ್ತು” ಎಂದರು.

ಅಕ್ಕಾ, ಆಗಿನಿಂದ ನನ್ನ ತಲೆ ಕೆಟ್ಟು ಗೊಬ್ಬರವಾಗಿದೆ. ಮೊದಲೆಲ್ಲ ನೀನು ಫೋನಿನಲ್ಲಿ ನನ್ನ ಜೊತೆ ಅರ್ಧ ಮಾತಾಡಿದರೆ ಇನ್ನರ್ಧ ಮೊಮ್ಮಕ್ಕಳನ್ನು ಗದರುವುದಕ್ಕೇ ಹೋಗುತ್ತಿತ್ತು. “ಇಳಿಯೋ ಕೆಳಗೆ”, “ಆ ಕತ್ತರಿ ಇಡೇ” ಎಂದು ನೀನು ಕೂಗಿದರೆ ನನ್ನ ಕಿವಿ ಗುಯ್ ಎನ್ನುತ್ತಿತ್ತು. ಯಾವಾಗಿನಿಂದ ನೀನು ಯಾರನ್ನೂ ಗದರಿಲ್ಲ? ನನಗೆ ನೆನಪಿಗೇ ಬರುತ್ತಿಲ್ಲ. ಇತ್ತೀಚೆಗೆ ನೀನು ನನ್ನ ಜೊತೆ ಎಷ್ಟು ಬೇಕಾದರೂ ಹೊತ್ತು ಮಾತಾಡುತ್ತೀ, ಯಾರೂ ನಿನ್ನನ್ನು ಕರೆಯುವುದಿಲ್ಲ. ಮತ್ತೆ, ನನ್ನನ್ನು ಕರೆದೊಯ್ಯಲು ಬಾಡಿಗೆಗೆ ವ್ಯಾನು ಗೊತ್ತು ಮಾಡಿಕೊಂಡು ಬರುತ್ತೇನೆ ಅಂತ ನೀನು ಅಂದೆ. ಮನೆಯಲ್ಲಿ ನಿನ್ನ ಮಗನದ್ದೇ ವ್ಯಾನು ಇರುವಾಗ ಗೊತ್ತು ಮಾಡುವುದೇನು? ಆಗ ಇದು ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಗಾಡಿಯ ಮಾತೇ ತಲೆಗೆ ಹೋಗಲಿಲ್ಲ ನೋಡು. ಅಥವಾ ಇದೆಲ್ಲ ನನ್ನ ಭ್ರಮೆಯೋ? ಮಕ್ಕಳು ಶಾಲೆಗೆ ಹೋಗಿದ್ದಿರಬಹುದು, ಸೊಸೆ ಮಲಗಿದ್ದಿರಬಹುದು. ಆಪರೇಟರಮ್ಮನ ಕಿವಿಯೂ ಹಳೆಯದು. ಕೊಡೆ ಮೇಡಂ ಆಟ ನೋಡಿದ ಮೇಲೆ ನನಗೆ ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎನ್ನುವುದೇ ತಿಳಿಯದ ಹಾಗಾಗಿದೆ, ಎಲ್ಲರ ಮೇಲೂ ಅನುಮಾನ, ನಿನ್ನ ಮೇಲೂ. “ನಿನ್ನನ್ನು ನೋಡ್ಕೊಳ್ಳೋರು ಯಾರು, ನಾನು ಬಂದು ಕರ್ಕೊಂಡು ಹೋಗ್ತೀನಿ” ಎಂದು ನೀನು ಅಂದದ್ದು ನನಗಾಗಿಯೋ, ನಿನಗಾಗಿಯೋ? ಫೋನಿನಲ್ಲಿ ಕೇಳಿದರೆ ಗುಂಡುಕಲ್ಲು ಎನ್ನುತ್ತೀ. ಅದಕ್ಕೇ ಕೇಳುವುದಿಲ್ಲ.

ಒಂದು ಮಾತ್ರ ಹೇಳಬಲ್ಲೆ. ನಿನ್ನೆ ಸಂಜೆ ಆಪರೇಟರಮ್ಮನನ್ನು ಅವರ ಮನೆಗೆ ಬಿಟ್ಟು ಬರಲು ಮೆಟ್ಟಿಲಿಳಿಯುವಾಗ ಅವರು ನನ್ನ ಎಡತೋಳು ಹಿಡಿದುಕೊಂಡರು. ಅವರು ಬೀಳದ ಹಾಗೆ ನಾನು ನಿಂತಿದ್ದೆನೋ, ನಾನು ಜೋಲಿ ತಪ್ಪದ ಹಾಗೆ ಅವರು ಹಿಡಿದಿದ್ದರೋ, ನನಗೆ ಗೊತ್ತಾಗಲಿಲ್ಲ. ಇಬ್ಬರೂ ಬೀಳಲಿಲ್ಲ. ಸೈಕಲ್ ಸ್ಟ್ಯಾಂಡಿನ ಮುಂದೆ ಹೋಗುವಾಗ ದರ್ಜಿಯಮ್ಮ “ಸಿಟ್ಟು ಇಳೀತಾ ಡ್ರೈವರಣ್ಣ?” ಎಂದು ಕೂಗಿದರು. ಇಡೀ ಬೀದಿಗೆ ಕೇಳಿಸಿತು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಮನೆಯಲ್ಲಿ ಯಾರ್ಯಾರು ಇದ್ದಾರೋ ಅವರಿಗೆಲ್ಲ ನನ್ನ ನೆನಪು ಹೇಳು. ಮಕ್ಕಳಿಗೆ ಮುತ್ತು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನನ್ನವಳ ಫೋಟೋದ ಮುಂದೆ ಕೂತು ಇದನ್ನೆಲ್ಲ ಓದಿ ಹೇಳಿದೆ, ಅವಳೂ ನಿನಗೆ ನಮಸ್ಕಾರ ತಿಳಿಸಲು ಹೇಳಿದ್ದಾಳೆ ಎಂದುಕೊಳ್ಳುತ್ತೇನೆ. ನಿನ್ನ ಕೈ ಸದಾ ನನ್ನ ತಲೆಯ ಮೇಲಿರಲಿ.

ಇಂತಿ ನಿನ್ನ ತಮ್ಮ,
ಮೊಂಡ

ಮರೆತ ವಿಷಯ: ಅಂಚೆ ಪೆಟ್ಟಿಗೆಯ ಹತ್ತಿರ ನಿಂತು, ಹಾಳೆಯನ್ನು ಎಡಭುಜದಿಂದ ಗೋಡೆಗೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಅಕ್ಕಾ, ವ್ಯಾನು ಗೊತ್ತು ಮಾಡಬೇಡ. ಬಸ್ಸಿನಲ್ಲಿ ನೀನೊಬ್ಬಳೇ ಬಾ, ಬಟ್ಟೆ ಸ್ವಲ್ಪ ಜಾಸ್ತಿಯೇ ತಾ. ಇಲ್ಲಿ ಒಬ್ಬ ಡ್ರೈವರ್ ಇದ್ದಾನೆ, ಎಡಗೈ ಬರುವುದಿಲ್ಲ, ಮಹಾ ಮೊಂಡ, ಆಪರೇಟರಮ್ಮ ಒಬ್ಬರಿಂದ ಅವನನ್ನು ಸಂಭಾಳಿಸಲು ಆಗುತ್ತಿಲ್ಲ. ಅವನನ್ನು ನೋಡಿಕೊಳ್ಳಲು ಜನ ಬೇಕಾಗಿದ್ದಾರೆ. ಇದು ಕೊಡೆ ಮೇಡಂ ಆಟವೇ ಎಂದು ನಿನಗೂ ಗೊತ್ತು, ನನಗೂ ಗೊತ್ತು, ಆದರೂ ಬಾ. ನಿನ್ನ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಡ. ಹೊರಟ ಮೇಲೆ ಒಂದು ಫೋನ್ ಮಾಡು. ಏನೂ ಮಾತಾಡದಿದ್ದರೂ ಪರವಾಗಿಲ್ಲ. ಹಿಂದೆ ಬಸ್ಸಿನ ಸದ್ದು ಕೇಳಿಸಿದರೆ ಸಾಕು, ನಾನು ಸ್ಟಾಪಿಗೆ ಬಂದು ನಿಂತಿರುತ್ತೇನೆ.